ದೊಡ್ಡ ದಾರಿ

"ಯಾವ ಗಾಡಿಗೆ ವಾಪಸ್ ಬರ್ತೀರಿ? ಖರೇ ಹೇಳ್ರಿ."

ರಾಚವ್ವ ಹೊಸ್ತಿಲಲ್ಲಿ ಅಡ್ಡ ನಿಂತಿದ್ದಳು. ಮಗ ಶೇಖರನ ಹೆಗಲಲ್ಲಿ ಹಗ್ಗದ ಸುರುಳಿ, ಸೊಸೆ ನೀಲಾವತಿಯ ಕೈಯಲ್ಲಿ ಬುತ್ತಿಯ ಗಂಟು. ಭಾನುವಾರ ಬಂತೆಂದರೆ ಮುಂಬಯಿಯ ಸಯನ್‌ನ ಆ ಚಾಳಿನಲ್ಲಿ ಈ ವಿಚಾರಣೆ ತಪ್ಪುತ್ತಿರಲಿಲ್ಲ.

"ಸಂಜೀ ಗಾಡಿಗೆ, ಅವ್ವಾ," ಎಂದ ಶೇಖರ.

"ಅದಕ್ಕಿಂತ ಮೊದಲ ಬರೂದಿಲ್ಲ, ಹೌದಿಲ್ಲೋ?"

"ಇಲ್ಲ, ಅತ್ತೀ," ಎಂದಳು ನೀಲಾವತಿ, ನೆಲ ನೋಡುತ್ತ. ಅತ್ತೆಗೆ ಏನೋ ವಾಸನೆ ಬಡಿದಿದೆ ಎಂದು ಅವಳಿಗೆ ಖಾತ್ರಿಯಾಯಿತು.

ಎವರೆಸ್ಟ್ ಹತ್ತಿದ ಸುದ್ದಿ ಬಂದ ಮೇಲೆ ಮುಂಬಯಿಯಲ್ಲಿ ಮೂರನೆಯ ಮಾಳಿಗೆಗೆ ಮೆಟ್ಟಿಲು ಹತ್ತಿದವನೂ ಎದೆಯುಬ್ಬಿಸಿ ನಡೆಯುತ್ತಿದ್ದ. ಆ ಗಾಳಿಯಲ್ಲೇ ಶೇಖರ ತನ್ನ ಸುಳ್ಳನ್ನೂ ತೂರಿಬಿಟ್ಟಿದ್ದ. ಆಫೀಸಿನಲ್ಲೊಂದು ಪರ್ವತಾರೋಹಣ ಮಂಡಳಿ ಹುಟ್ಟಿದೆ. ಕಾಶ್ಮೀರದ ಹಿಮದ ನಡುವೆ ಒಂದು ಸರೋವರವಿದೆ, ಅದರ ಸುತ್ತಲಿನ ಶಿಖರಗಳನ್ನು ಹತ್ತಿ ಒಂದು ಸುತ್ತು ಬರಬೇಕು. ಅದಕ್ಕಾಗಿ ಪ್ರತಿ ಭಾನುವಾರ ಪವಾಯಿ ಕೆರೆಯ ಗುಡ್ಡಗಳಲ್ಲಿ ತಾಲೀಮು. ಮದುವೆಯಾದವರು ಜೋಡಿಯಾಗಿಯೇ ಬರಬೇಕೆಂಬುದು ಮಂಡಳಿಯ ನಿಯಮ. ಈ ಕೊನೆಯ ನಿಯಮ ಹೇಳುವಾಗ ಅವನ ಕಿವಿ ಕೆಂಪಾಗಿತ್ತು.

ಮಂಡಳಿಯೂ ಇಲ್ಲ, ಮಣ್ಣೂ ಇಲ್ಲ. ಇದ್ದದ್ದು ಒಂದೇ ಖೋಲಿ, ಅದರಲ್ಲಿ ನಾಲ್ವರು. ಮದುವೆಯಾಗಿ ವರ್ಷ ತುಂಬಿದರೂ ಶೇಖರ ಹೆಂಡತಿಯೊಡನೆ ಎರಡು ಮಾತಾಡಬೇಕಾದರೆ ನಲ್ಲಿಯ ಸಾಲಿನಲ್ಲಿ ಪಿಸುಗುಡಬೇಕಿತ್ತು. ಹಗಲು ಬಾಗಿಲು ಹಾಕುವಂತಿಲ್ಲ. ಚಾಳಿನಲ್ಲಿ ವಯಸ್ಸಾದವರು ಬಾಗಿಲು ಹಾಕಿದರೆ ನಿದ್ದೆ ಎನ್ನುತ್ತಾರೆ, ಹರೆಯದವರು ಹಾಕಿದರೆ ಇಡೀ ಮಾಳಿಗೆ ಕೆಮ್ಮುತ್ತದೆ.

ಹೀಗಾಗಿ ಇಬ್ಬರೂ ಭಾಂಡುಪ್‌ನಲ್ಲಿ ಇಳಿದು, ಕೆರೆಯವರೆಗೆ ನಡೆದು, ಒಡ್ಡಿನ ಪಕ್ಕದ ಆಲದ ಮರದಡಿ ಕೂತುಬಿಡುತ್ತಿದ್ದರು. ಹಗ್ಗ ತಲೆದಿಂಬಾಗುತ್ತಿತ್ತು. ಅಲ್ಲಿ ನೀಲಾವತಿ ಬಾಯಿಗೆ ಸೆರಗು ಒತ್ತಿಕೊಳ್ಳದೆ ಗಟ್ಟಿಯಾಗಿ ನಗಬಹುದಿತ್ತು. ಆ ನಗುವಿಗಾಗಿ ಶೇಖರ ಹಿಮಾಲಯವನ್ನೇ ಸಯನ್‌ಗೆ ತಂದು ನಿಲ್ಲಿಸಲೂ ತಯಾರಿದ್ದ. ಸುಳ್ಳು ಬಯಲಾದರೆ ಮರವೂ ಹೋಯಿತು, ನಗುವೂ ಹೋಯಿತು.

ಆದರೆ ಹಿರಿಯರು ಸಾಮಾನ್ಯರಲ್ಲ. ಅಪ್ಪ ಕಾಶಪ್ಪ ಹರೆಯದಲ್ಲಿ ಅದೇ ಗುಡ್ಡಗಳಲ್ಲಿ ನೀರಿನ ಕೊಳವೆ ಹಾಕುವ ಕೆಲಸ ಮಾಡಿದವನು. ಶನಿವಾರ ಊಟ ಮುಗಿದೊಡನೆ ತಾಟಿನ ಸುತ್ತ ಉಳ್ಳಾಗಡ್ಡಿ ಜೋಡಿಸಿ ಪಾಠ ಶುರು ಮಾಡುತ್ತಿದ್ದ.

"ಈ ತಾಟ ಕೆರಿ. ಇವು ಗುಡ್ಡ. ಒಡ್ಡಿನ ಮ್ಯಾಲಿಂದ ಹೋಗೂದು ಸಣ್ಣ ಹುಡುಗರ ದಾರಿ. ಇದನ್ನ ಏರಿ, ಇದರ ಬೆನ್ನಿಗೆ ಇಳಿದು, ಪೂರಾ ಒಂದ ಸುತ್ತ ಹಾಕ್ರಿ. ಅದು ದೊಡ್ಡ ದಾರಿ. ಅವಸರ ಮಾಡಬ್ಯಾಡ್ರಿ."

ಮರುದಿನ ಸಂಜೆ, ಭಾನುವಾರವೂ ನುಣ್ಣಗೆ ಗಡ್ಡ ಹೆರೆಸಿಕೊಂಡು ಬಾಗಿಲಲ್ಲೇ ಕೂತು ಕೇಳುತ್ತಿದ್ದ. "ದೊಡ್ಡ ದಾರಿ ಹಿಡಿದ್ರಿಲ್ಲೋ?" ಹೂಂ ಎಂದರೆ ಮೀಸೆಯಲ್ಲೇ ನಗುತ್ತಿದ್ದ. ಆ ನಗು ಕಂಡರೆ ಶೇಖರ ಹಗ್ಗ ಮೂಲೆಗಿಡುವ ನೆವದಲ್ಲಿ ಒಳಗೆ ಜಾರುತ್ತಿದ್ದ.

ರಾಚವ್ವನದು ಇನ್ನೊಂದು ಬಗೆ. ಎರಡು ಹೊತ್ತಿಗಾಗುವಷ್ಟು ರೊಟ್ಟಿ ಕಟ್ಟುತ್ತಿದ್ದಳು. ಉಳಿಸಿ ತಂದರೆ ಗುಡ್ಡ ಹತ್ತಿಲ್ಲವೆಂದು ಗೊತ್ತಾಗುತ್ತದಲ್ಲ ಎಂದು ಹೆದರಿ ಅವರು ಕಾಗೆಗಳಿಗೆ ಹಾಕಿ ಮುಗಿಸುತ್ತಿದ್ದರು. ಒಮ್ಮೆ ಮಳೆ ಹಿಡಿದಾಗ, ಇವತ್ತು ಬೇಡ ಎಂದು ಶೇಖರ ಮೆಲ್ಲಗೆ ಚಾಪೆ ಹಾಸಿದ.

"ಮಳಿಗೆ ಅಂಜಿದ್ರ ಹಿಮಾಲಯ ಹೆಂಗ ಹತ್ತತೀರಿ?" ಎಂದು ರಾಚವ್ವ ಅವನ ಚಾಪೆ ಸುತ್ತಿ ಮೂಲೆಗಿಟ್ಟು, ಕೈಗೆ ಕೊಡೆ ತುರುಕಿದಳು. ಪರೀಕ್ಷೆ ಮಾಡುತ್ತಿದ್ದಾಳೆ ಎಂದುಕೊಂಡು ಇಬ್ಬರೂ ಮರದಡಿ ನೆನೆದು ತೊಪ್ಪೆಯಾದರು. ಸಂಜೆ ಬಂದಾಗ ರಾಚವ್ವನ ತುರುಬಿನಲ್ಲಿ ಮಲ್ಲಿಗೆಯ ದಂಡೆ ಇತ್ತು. ಗುಡಿಗೆ ಹೋಗಿ ತಮ್ಮ ಮೇಲೆ ದೇವರ ಹತ್ತಿರ ಚಾಡಿ ಹೇಳಿ ಬಂದಿದ್ದಾಳೆ ಎಂದು ನೀಲಾವತಿ ರಾತ್ರಿಯಿಡೀ ಹೊರಳಾಡಿದಳು.

ಇವತ್ತು ಮರದಡಿ ಬುತ್ತಿ ಬಿಚ್ಚಿದವಳು ರೊಟ್ಟಿಯನ್ನು ಹಾಗೇ ಕೈಯಲ್ಲಿ ಹಿಡಿದು ಕೂತಳು.

"ಗಂಟಲದಾಗ ಇಳಿಯೂದಿಲ್ಲರೀ. ಅತ್ತಿ ನಸುಕಿನಾಗ ಎದ್ದು ಬಡದಾರ. ಆ ಜೀವಕ್ಕ ಎಷ್ಟಂತ ಮೋಸ ಮಾಡೂದು? ನಡೀರಿ, ಹೋಗಿ ಖರೇ ಹೇಳಿಬಿಡೋಣು."

"ಹೇಳಿದ್ರ ಮುಂದಿನ ಭಾನುವಾರ ಇಲ್ಲ, ನೋಡು."

"ಇಲ್ಲಂದ್ರ ಇಲ್ಲ."

ಅವಳ ಕಣ್ಣು ತುಂಬಿತ್ತು. ಶೇಖರನಿಗೂ ದುಃಖ ಒತ್ತರಿಸಿ ಬಂತು. ಆಲದ ಮರವನ್ನು ಒಮ್ಮೆ ಕತ್ತೆತ್ತಿ ನೋಡಿ, ಹಗ್ಗ ಹೆಗಲಿಗೇರಿಸಿ ಎದ್ದ. ಸಿಕ್ಕಿದ ಲೋಕಲ್ ಹಿಡಿದು, ಕಾಲಿಗೆ ಬೀಳುವಾಗ ಯಾರು ಮೊದಲು ಬೀಳಬೇಕೆಂದು ದಾರಿಯುದ್ದಕ್ಕೂ ಗೊತ್ತುಮಾಡಿಕೊಂಡರು.

ಸುಡುಮಧ್ಯಾಹ್ನ. ಚಾಳು ಉಂಡು ತೂಕಡಿಸುತ್ತಿತ್ತು. ಅವರ ಖೋಲಿಯ ಬಾಗಿಲು ಹಾಕಿತ್ತು. ಶೇಖರ ಮೆಲ್ಲಗೆ ನೂಕಿದ. ಒಳಗಿನಿಂದ ಚಿಲಕ.

"ಅಯ್ಯ, ಅತ್ತಿಗೆ ಏನರೆ ಆತೋ ಏನೋ!" ಎಂದು ನೀಲಾವತಿ ಎದೆ ಹಿಡಿದುಕೊಂಡಳು.

ಶೇಖರ ಬಡಿಯಲು ಕೈಯೆತ್ತಿದ. ಅಷ್ಟರಲ್ಲಿ ಒಳಗೆ ಬಳೆ ಸದ್ದಾಯಿತು. ಯಾರೋ ನಕ್ಕರು. ಬಾಯಿಗೆ ಸೆರಗು ಒತ್ತಿಕೊಳ್ಳದೆ, ಗಟ್ಟಿಯಾಗಿ. ರಾಚವ್ವನಿಗೆ ಹಾಗೆ ನಗಲು ಬರುತ್ತದೆಂದು ಮಗನಿಗೂ ಗೊತ್ತಿರಲಿಲ್ಲ.

"ಬಾಗಲದಾಗ ಏನೋ ಸಪ್ಪಳ ಆತಲ್ರೀ? ಹುಡುಗರು ಬಂದ್ರೇನ?"

"ಎಲ್ಲೀದು!" ಎಂದಿತು ಕಾಶಪ್ಪನ ದನಿ. "ದೊಡ್ಡ ದಾರಿ ಹಿಡಿಸಿ ಕಳಿಸೀನಿ. ಸಂಜೀತನಕ ನಾವಿಬ್ಬರ."