ಕಿಟಕಿಯ ಕೆಳಗೆ ರಾತ್ರಿರಾಣಿ

ಆ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿದ್ದುದು ಹಿತ್ತಿಲ ಹಲಸಿನ ಮರದ ನೆರಳಲ್ಲಿ ಮಾತ್ರ. ಅವಳು ತವರಿಗೆ ಫೋನು ಮಾಡಿದಾಗಲೆಲ್ಲ ಅತ್ತೆ ಕಿಟಕಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. "ಚೆನ್ನಾಗಿದೀನಿ ಕಣವ್ವ" ಎಂದಷ್ಟೇ ಹೇಳಿ, ಮಿಕ್ಕಿದ್ದನ್ನು ಹೇಳದೆ ಅವಳು ಫೋನಿಡುತ್ತಿದ್ದಳು.

ಗಿಡ ಮಾರುವವನು ಬಂದಾಗ ಕೇಳಿದಳು, "ನೆರಳಲ್ಲೂ ಬರೋ ಘಮ್ಮನ್ನೋ ಹೂವು ಯಾವುದೈತಣ್ಣ?"

"ಸುಗಂಧಿ ತಗೊಳವ್ವ. ನೆರಳು ಅಂದ್ರೆ ಅದಕ್ಕೆ ಪ್ರಾಣ."

"ರಾತ್ರಿರಾಣಿ?"

"ಅದೂ ಬತ್ತದೆ. ಆದ್ರೆ ಅದರ ವಾಸನೆಗೆ ಹಾವು ಬತ್ತವೆ ಅಂತಾರಲ್ಲವ್ವ ಜನ."

"ಅದನ್ನೇ ಕೊಡಿ."

ಅತ್ತೆ ಕೇಳಿದ್ದಕ್ಕೆ, "ಪೂಜೆಗೆ ಹೂವಾಗ್ತದೆ" ಎಂದು ಕಿಟಕಿಯ ಕೆಳಗೇ ನೆಟ್ಟಳು. ಮಳೆಗಾಲ ಕಳೆದು ಗಿಡ ಹೂಬಿಟ್ಟಿತು. ಮುಸ್ಸಂಜೆಯಲ್ಲಿ ಘಮ ಒಳಗೆ ನುಗ್ಗುತ್ತಲೇ ಅತ್ತೆ, "ಅಯ್ಯೋ, ಹಾವು ಕರೆಯೋ ಹೂವಲ್ವೇನಮ್ಮಿ ಇದು!" ಎಂದು ಕಿಟಕಿ ಮುಚ್ಚಿ ಚಿಲಕ ಹಾಕಿದರು.

ಅವಳು ಮರದಡಿಗೆ ಓಡಿ ನಂಬರು ಒತ್ತಿದಳು. "ಅವ್ವಾ, ನಿನ್ನತ್ರ ಒಂದು ಮಾತು ಹೇಳ್ಬೇಕು..."

ಹಿತ್ತಿಲ ಬಾಗಿಲು ತೆರೆಯಿತು. ಟಾರ್ಚು, ಕೋಲು, ಮಣೆ ಹಿಡಿದು ಬಂದ ಅತ್ತೆ ಅವಳ ಪಕ್ಕದಲ್ಲೇ ಕುಳಿತರು.

"ಮಾತಾಡು ಮಗ. ಹಾವಿರೋ ಜಾಗದಲ್ಲಿ ಇನ್ಮೇಲೆ ನಿನ್ನೊಬ್ಬಳನ್ನೇ ಬಿಡಾಕಿಲ್ಲ."