ಬೋರ್ಡಿನ ಕೆಂಪು ಮಗ್ಗುಲು

ಕಾರು ರಸ್ತೆ ಬಿಟ್ಟು ಹಳ್ಳಕ್ಕಿಳಿದು ಓರೆಯಾಗಿ ನಿಂತಿತು. ಎಂಜಿನ್ ತಾನಾಗಿಯೇ ಆರಿತು. ಅಡಿಲೇಡ್‌ನ ಹೊರಗೆ, ಪೈನ್ ಕಾಡಿನ ನಡುವಿನ ಮಣ್ಣುರಸ್ತೆ. ಎದ್ದ ಧೂಳು ಮೆಲ್ಲಗೆ ಗಾಜಿನ ಮೇಲೆ ಕೂರುತ್ತಿತ್ತು. ಇನ್ನೊಂದು ಮಾರು ಹೋಗಿದ್ದರೆ ಮರ.

"ಯಾಕಕ್ಕ ಓದೋದು ನಿಲ್ಲಿಸಿದೆ?" ಸ್ಟೀರಿಂಗ್ ಬಿಡದೆಯೇ ಕೇಳಿದ ಉತ್ತಮ್. "ತಿರುವು ಬರ್ತಿದೆ ಅಂತ ಹೇಳಬೇಕಿತ್ತಲ್ಲ."

"ನೀನು ಹೂಂ ಅನ್ನಲಿಲ್ಲ," ಎಂದಳು ಕಸ್ತೂರಿ.

ರ್‍ಯಾಲಿಯಲ್ಲಿ, ಈ ಕಾರು ಪಂದ್ಯದಲ್ಲಿ, ಪಕ್ಕದಲ್ಲಿ ಕೂತವರು ಮುಂದಿನ ತಿರುವುಗಳನ್ನು ಟಿಪ್ಪಣಿ ನೋಡಿ ಓದಿ ಹೇಳುತ್ತಾರೆ. ಓಡಿಸುವವನು ಕಿವಿಯಿಂದ ರಸ್ತೆ ನೋಡುತ್ತಾನೆ. ಬೇರೆ ಕಾರುಗಳಲ್ಲಿ ಅವನು ಬಾಯಿ ಬಿಡುವುದಿಲ್ಲ. ಇವರ ಕಾರಿನಲ್ಲಿ ಮಾತ್ರ ಪ್ರತಿ ತಿರುವಿಗೂ ಒಂದು ಹೂಂ. ಮೈಸೂರಿನಲ್ಲಿ ಅಜ್ಜಿ ಇಂದಿರಮ್ಮ ಸಂಜೆ ಇಬ್ಬರನ್ನೂ ಕೂರಿಸಿಕೊಂಡು ಷಟ್ಪದಿ ಓದಿಸುತ್ತಿದ್ದರು. ಅಕ್ಕ ಓದಬೇಕು, ತಮ್ಮ ಹೂಂಗುಟ್ಟಬೇಕು. ಹೂಂ ನಿಂತರೆ ಮುಂದಿನ ಪದ್ಯ ಎತ್ತುವ ಹಾಗಿಲ್ಲ. ಕೇಳುವವರಿಲ್ಲದ ಕಡೆ ದೇವರ ಮಾತು ಆಡಬಾರದು ಎಂಬುದು ಅಜ್ಜಿಯ ಕಟ್ಟಳೆ. ಇವತ್ತು ನೇರ ದಾರಿಯಲ್ಲಿ ಎರಡು ಸಲ ಹೂಂ ಬರಲಿಲ್ಲ. ಕಸ್ತೂರಿ ಓದು ಬಿಟ್ಟು ಅವನ ತೋಳಿಗೆ ಗುದ್ದಿದ್ದಳು. ಅವನ ಕಾಲು ಬ್ರೇಕ್ ಒತ್ತಿದ್ದು ಆಮೇಲೆ.

"ಕಣ್ಣು ತೆರೆದೇ ಇತ್ತು ನಿಂದು. ನೀನು ಇರಲಿಲ್ಲ."

ಉತ್ತಮ್ ಸ್ಪೀಡ್‌ವೇಯಲ್ಲಿ ವರ್ಷಗಟ್ಟಲೆ ಸ್ಟಾಕ್ ಕಾರ್ ಓಡಿಸಿದವನು. ಮೊಟ್ಟೆಯಾಕಾರದ ಟ್ರ್ಯಾಕು, ಬರೀ ಎಡ ತಿರುವು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದೇ ಅಲ್ಲಿನ ಆಟ. ಹೋದ ಬೇಸಿಗೆಯಲ್ಲಿ ಕಾಂಕ್ರೀಟ್ ಗೋಡೆಗೆ ಅಪ್ಪಳಿಸಿ ತಲೆಗೆ ಪೆಟ್ಟಾದ ಮೇಲೆ, ಡಿಕ್ಕಿಯ ಆಟ ಸಾಕು ಎಂದರು ಡಾಕ್ಟರು. ರ್‍ಯಾಲಿಯಲ್ಲಿ ಒಬ್ಬೊಬ್ಬರೇ ಓಡುವುದು, ಗುದ್ದುವವರಿಲ್ಲ ಎಂದು ಇಲ್ಲಿಗೆ ಬಂದ. ಬೆಳಿಗ್ಗೆ ಕಾರು ತಪಾಸಣೆ ಮಾಡಿದ ಮುದುಕ, "ಮೇಟ್, ಇಲ್ಲಿ ಬಲಕ್ಕೂ ತಿರುಗಿಸಬೇಕು, ಗೊತ್ತಲ್ಲ?" ಎಂದು ಕಿಚಾಯಿಸಿದ್ದ. ಇದೂ ಹೋದರೆ ಅವನಿಗೆ ಉಳಿಯುವ ಓಟ ಬೇರೆ ಇಲ್ಲ.

"ಹಿಂದೆ ಯಾವಾಗ್ಲಾದ್ರೂ ಆಗಿತ್ತಾ?"

"ಮೊನ್ನೆ ಪೆಟ್ರೋಲ್ ಬಂಕಲ್ಲಿ. ಪೈಪ್ ಹಿಡ್ಕೊಂಡು ಹಾಗೇ ನಿಂತಿದ್ದೆನಂತೆ. ಹಿಂದಿನವನು ಹಾರ್ನ್ ಹೊಡೆದ."

"ಅದಕ್ಕೆ ಮುಂಚೆ?"

"ಬಿಡಕ್ಕ."

ದೂರದಲ್ಲಿ, ಹಿಂದಿನಿಂದ ಬರುವ ಕಾರಿನ ಸದ್ದು ಕೇಳಿಸಿತು. ರಸ್ತೆ ಬಿಟ್ಟವರು ಹಿಂದೆ ಬರುವವರಿಗೆ ಬೋರ್ಡ್ ತೋರಿಸಬೇಕು. ಅದರ ಒಂದು ಮಗ್ಗುಲಲ್ಲಿ 'ಓಕೆ' ಎಂದಿರುತ್ತದೆ. ನೋಡಿದವರು ನಿಲ್ಲದೆ ಹೋಗುತ್ತಾರೆ. ಇನ್ನೊಂದರಲ್ಲಿ ಕೆಂಪು ಶಿಲುಬೆ. ಅದನ್ನು ಎತ್ತಿದರೆ ಓಟವೇ ನಿಲ್ಲುತ್ತದೆ, ಡಾಕ್ಟರು ಬರುತ್ತಾರೆ, ಕೇಳಬೇಕಾದ್ದನ್ನು ಕೇಳುತ್ತಾರೆ.

"ಓಕೆ ತೋರ್ಸು," ಎಂದ ಉತ್ತಮ್. "ಗಾಯ ಇಲ್ಲ, ರಕ್ತ ಇಲ್ಲ. ಯಾರಾದ್ರೂ ಕೇಳಿದ್ರೆ ಓದ್ತಾ ಸಾಲು ತಪ್ಪೋಯ್ತು ಅನ್ನು. ಹೊಸಬಳು ಅಂತ ನಗ್ತಾರೆ, ಅಷ್ಟೇ. ನೀನು ಸೋಮವಾರ ಮಾಸನ್ ಲೇಕ್ಸ್‌ಗೆ ಹೋಗಿ ಆಫೀಸಲ್ಲಿ ಕೂತ್ಕೋತೀಯ. ನನ್ನ ಲೈಸೆನ್ಸ್ ಹೋದ್ರೆ..."

ಕಸ್ತೂರಿ ಬೋರ್ಡ್ ತೆಗೆದುಕೊಂಡು ದಿಬ್ಬ ಹತ್ತಿದಳು. ಕಾರು ತಿರುವಿನಲ್ಲಿ ಕಾಣಿಸಿದಾಗ ಎರಡೂ ಕೈಯಲ್ಲಿ ಬೋರ್ಡ್ ಎತ್ತಿ ಹಿಡಿದಳು. ಕೆಂಪು ಮಗ್ಗುಲು ರಸ್ತೆಗಿತ್ತು.

ಕಲ್ಲು ಚಿಮ್ಮಿಸುತ್ತ ಕಾರು ನಿಂತಿತು. ಓಡಿಸುತ್ತಿದ್ದವನು ಇಳಿದು ಓಡಿ ಬಂದ. "ಯಾರಿಗೆ ಪೆಟ್ಟಾಗಿದೆ?"

ಅವಳು ತಮ್ಮನನ್ನು ತೋರಿಸಿದಳು. ಉತ್ತಮ್ ಆಗಲೇ ಹೊರಗೆ ಬಂದು, ಬಗ್ಗಿ, ಚಕ್ರಕ್ಕೆ ಸಿಕ್ಕಿದ್ದ ಹುಲ್ಲು ಕೀಳುತ್ತಿದ್ದ.

"ಇವನು ಚೆನ್ನಾಗೇ ಇದ್ದಾನಲ್ಲ," ಎಂದ ಆತ. ಅವನ ಓಟವೂ ಕೆಟ್ಟಿತ್ತು. ದನಿಯಲ್ಲಿ ಅದು ಗೊತ್ತಾಗುತ್ತಿತ್ತು.

"ಹಾಗೇ ಕಾಣ್ತಾನೆ. ಡಾಕ್ಟರನ್ನ ಕರೀರಿ, ಪ್ಲೀಸ್."

ಆತ ರೇಡಿಯೋ ಕಡೆಗೆ ಹೋದ. ಹಿಂದೆ ಬಂದ ಕಾರುಗಳು ಒಂದೊಂದಾಗಿ ನಿಂತವು, ಎಂಜಿನ್‌ಗಳು ಒಂದೊಂದಾಗಿ ಆರಿದವು. ಕಾಡಿನಲ್ಲಿ ಹಕ್ಕಿಯ ಸದ್ದು ಮತ್ತೆ ಕೇಳತೊಡಗಿತು. ಅಕ್ಕ ತಮ್ಮ ದಿಬ್ಬದ ಮೇಲೆ ಕೂತರು, ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು.

"ಓಕೆ ತೋರ್ಸಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದ ಉತ್ತಮ್.

"ಏನೂ ಇಲ್ಲ. ನಾನು ಇನ್ನು ಬರಲ್ಲ ಅಂದುಬಿಡ್ತಿದ್ದೆ. ನೀನು ಬೇರೆ ಯಾರನ್ನೋ ಪಕ್ಕದಲ್ಲಿ ಕೂರಿಸ್ಕೋತಿದ್ದೆ." ಕಸ್ತೂರಿ ಕೈಯ ಧೂಳು ಒರೆಸಿಕೊಂಡಳು. "ನೀನು ಹೂಂ ಅನ್ನದೇ ಇದ್ರೂ ಅವರು ಓದ್ತಾನೇ ಇರೋರು."