ಇಳಿಯದ ಕೈ

"ನಾನು ಆಗ್ಲೇ ಬಿಟ್ಟಾಯ್ತಲ್ಲ ಚೇಚಿ, ನೀವಿನ್ನೂ ಕೈ ಎತ್ತಿ ಹಿಡ್ಕೊಂಡಿದ್ದೀರಿ," ಎಂದಳು ಯೋಗ ಕಲಿಸುವ ಮಂಗಳೂರಿನ ಜಾಯ್ಸ್. ಕೇರಳಕ್ಕೆ ಬಂದ ಮೇಲೆ ಅವಳ ಬಾಯಲ್ಲಿ 'ಅಕ್ಕ' ಹೋಗಿ 'ಚೇಚಿ' ಆಗಿತ್ತು.

ಕಲ್ಯಾಣಿ ಕಣ್ಣು ತೆರೆದಳು. ಆಲುವದ ಆ ಮಹಡಿ ಕೋಣೆಯಲ್ಲಿ ಎಲ್ಲರೂ ಶವಾಸನದಲ್ಲಿದ್ದರು. ಮೈ ಸಡಿಲಾಗಿದೆಯೇ ಎಂದು ನೋಡಲು ಜಾಯ್ಸ್ ಒಬ್ಬೊಬ್ಬರ ಕೈಯನ್ನೂ ಎತ್ತಿ ಬಿಡುತ್ತಿದ್ದಳು. ಉಳಿದವರ ಕೈ ದೊಪ್ಪನೆ ಚಾಪೆಗೆ ಬಿದ್ದಿತ್ತು. ಕಲ್ಯಾಣಿಯದು ಮಾತ್ರ ಮೊಣಕೈ ಮಡಚಿ ಗಾಳಿಯಲ್ಲೇ ನಿಂತಿತ್ತು.

"ಆಫೀಸಲ್ಲಿ ದಿನವಿಡೀ ಲ್ಯಾಪ್‌ಟಾಪ್ ಕುಟ್ಟಿ ಕುಟ್ಟಿ ಹಿಂಗಾಗಿದೆ," ಎಂದಳು ಕಲ್ಯಾಣಿ ದಣಿದ ದನಿಯಲ್ಲಿ.

"ಲ್ಯಾಪ್‌ಟಾಪ್ ಕುಟ್ಟುವಾಗ ಅಂಗೈ ಕೆಳಮುಖ ಇರ್ತದೆ. ನಿಮ್ಮದು ಮೇಲ್ಮುಖ ಉಂಟು," ಎಂದಳು ಜಾಯ್ಸ್.

ಕಲ್ಯಾಣಿ ಬಟ್ಟಲಿನಂತೆ ಬಾಗಿದ್ದ ತನ್ನ ಅಂಗೈಯನ್ನೇ ನೋಡಿದಳು. ಹಾಸಿಗೆ ಹಿಡಿದಿದ್ದ ಅತ್ತೆಗೆ ಗಂಜಿ ಕುಡಿಸುವಾಗ ಅವರ ತಲೆಗೆ ಹೀಗೇ ಆಸರೆ ಕೊಡುತ್ತಿದ್ದಳು. ಅತ್ತೆ ತೀರಿಕೊಂಡು ತಿಂಗಳ ಮೇಲಾಗಿತ್ತು.

ಇನ್ನೊಂದು ಕೈಯಿಂದ ಆ ಕೈಯನ್ನು ಹಿಡಿದು, ನಿದ್ದೆಹೋದವರ ತಲೆಯನ್ನು ದಿಂಬಿಗಿಳಿಸುವ ಹಾಗೆ, ಮೆಲ್ಲಗೆ ಚಾಪೆಗೆ ಇಳಿಸಿದಳು.